ಅರ್ಜಿದಾರನೂ ಗುಮಾಸ್ತನೂ: ಈಚೆಗೆ ಕಂಡ ಕೆಲವು ಚಿತ್ರಗಳು

ಈಚಿನ ದಿನಗಳಲ್ಲಿ ಇಬ್ಬರು ಪರಿಚಿತರು ಎದುರಾದರೆ, ಮಳೆಯ ವಿಚಾರವೂ ಮಕ್ಕಳ ವಿದ್ಯಾಭ್ಯಾಸದ ವಿಚಾರವೂ ಮುಗಿದು ಮಾತು ತುಸು ತಡವರಿಸುವ ಹೊತ್ತಿಗೆ, ನೋಡುವಂಥದ್ದು ಏನಾದರೂ ಬಂದಿದೆಯೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪೂರ್ವದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಊರಿನ ಟೆಂಟಿನಲ್ಲಿ ಓಡುತ್ತಿದ್ದುದು ಒಂದು ಚಿತ್ರ, ದೂರದರ್ಶನದಲ್ಲಿ ಭಾನುವಾರ ಬರುತ್ತಿದ್ದುದು ಇನ್ನೊಂದು. ಇಂದಾದರೋ ಅಂಗೈಯಗಲದ ತೆರೆಯ ಮೇಲೆ ಲೋಕದ ಅನೇಕ ಭಾಷೆಗಳ ಚಿತ್ರಗಳೂ ಧಾರಾವಾಹಿಗಳೂ ಸಾಲುಗಟ್ಟಿ ನಿಂತಿರುವಾಗ, ಯಾವುದನ್ನು ನೋಡಬೇಕೆಂದು ಅರಸುವುದರಲ್ಲಿಯೇ ಸಂಜೆಯ ಅರ್ಧ ಕಳೆದು, ಉಳಿದರ್ಧದಲ್ಲಿ ನಿದ್ರೆ ಬಂದುಬಿಡುವುದು ಅನೇಕ ಗೃಹಸ್ಥರ ಅನುಭವ. ಇಂಥ ಸ್ಥಿತಿಯಲ್ಲಿ, ಇದನ್ನು ನೋಡಿ ಎಂದು ಮತ್ತೊಬ್ಬರಿಗೆ ಹೇಳುವವನು ಅವರ ಆಯುಸ್ಸಿನ ಎರಡು ಮೂರು ಗಂಟೆಗಳನ್ನು ತನ್ನ ಮಾತಿನ ಬಲದ ಮೇಲೆ ತೆಗೆದುಕೊಳ್ಳುತ್ತಾನೆ. ಆದುದರಿಂದ, ಐದರಲ್ಲಿ ಇಷ್ಟು ನಕ್ಷತ್ರವೆಂದು ಎಣಿಸಿಕೊಟ್ಟು ಕೈತೊಳೆದುಕೊಳ್ಳದೆ, ಕಾರಣವನ್ನು ಸಾವಕಾಶವಾಗಿ ನಿವೇದಿಸುವುದು ಅವನ ಕರ್ತವ್ಯವೆಂದು ನನ್ನ ಭಾವನೆ.

ಈ ಕೆಲವು ತಿಂಗಳುಗಳಲ್ಲಿ ನಾನು ನೋಡಿದ, ಕೆಲವನ್ನು ಎರಡನೆಯ ಸಲ ನೋಡಿದ, ಚಿತ್ರಗಳ ಪೈಕಿ ಮನಸ್ಸಿನಲ್ಲಿ ಉಳಿದವುಗಳನ್ನು ಒಟ್ಟಿಗೆ ಇರಿಸಿ ಯೋಚಿಸಿದಾಗ ಒಂದು ವಿಚಿತ್ರ ಸಾದೃಶ್ಯ ಕಣ್ಣಿಗೆ ಬಿತ್ತು. ಭಾಷೆಯಲ್ಲಿ, ದೇಶದಲ್ಲಿ, ಕಾಲದಲ್ಲಿ ಪರಸ್ಪರ ಬಹುದೂರದವಾದರೂ ಅವೆಲ್ಲವೂ ಕಚೇರಿಯ ಕಿಟಕಿಯೊಂದರ ಆಚೆ ಈಚೆ ನಡೆಯತಕ್ಕವು: ಈಚೆ ಬದಿಯಲ್ಲಿ ಅರ್ಜಿ ಹಿಡಿದು ನಿಂತವನು, ಆಚೆ ಬದಿಯಲ್ಲಿ ಕಡತದ ರಾಶಿಯ ಹಿಂದೆ ಕುಳಿತವನು. ಕಥೆಯೆಂದರೆ ಅದಕ್ಕೊಬ್ಬ ಖಳನಿರಬೇಕು, ಅವನ ದೌಷ್ಟ್ಯದಿಂದ ಸಜ್ಜನರಿಗೆ ಸಂಕಟ ಒದಗಬೇಕು ಎಂಬುದು ಹಳೆಯ ಪದ್ಧತಿ. ಈ ಚಿತ್ರಗಳಲ್ಲಾದರೋ ಖಳನನ್ನು ಹುಡುಕಿಕೊಂಡು ಹೋದವನಿಗೆ ಸಿಕ್ಕುವವರು ಸಾಮಾನ್ಯವಾಗಿ ಸಭ್ಯರೇ. ನಿಯಮಗಳನ್ನು ಬಲ್ಲವರು, ವಿನಯದಿಂದ ಮಾತನಾಡುವವರು, ಮನೆಯಿಂದ ತಂದ ಬುತ್ತಿಯನ್ನು ಹಂಚಿಕೊಂಡು ಉಣ್ಣುವವರು. ಆದರೂ ಕಡೆಗೆ ಯಾರೋ ಒಬ್ಬನ ಬಾಳು ಮುರಿದುಬೀಳುತ್ತದೆ. ದುಷ್ಟರೇ ಇಲ್ಲದ ಸ್ಥಳದಲ್ಲಿ ಅನ್ಯಾಯವು ಎಲ್ಲಿ ವಾಸಮಾಡುತ್ತದೆ ಎಂಬ ಪ್ರಶ್ನೆಯನ್ನು ಇವು ಕೇಳುತ್ತವೆಂಬ ಕಾರಣದಿಂದಲೇ ಇವುಗಳನ್ನು ನಾನು ಓದುಗರ ಮುಂದೆ ಇಡುತ್ತಿದ್ದೇನೆ.

ಮೊದಲನೆಯದು ಜಪಾನಿನ ಅಕಿರಾ ಕುರೊಸಾವ 1952ರಲ್ಲಿ ನಿರ್ದೇಶಿಸಿದ ‘ಇಕಿರು’. ಟೋಕಿಯೊ ನಗರಾಡಳಿತದ ನಾಗರಿಕ ವಿಭಾಗಕ್ಕೆ ಮುಖ್ಯಸ್ಥನಾದ ಕಾಂಜಿ ವಾತಾನಾಬೆ ಎಂಬವನು ಹತ್ತಿರ ಹತ್ತಿರ ಮೂವತ್ತು ವರ್ಷ ಒಂದು ದಿನವೂ ತಪ್ಪದೆ ಕಚೇರಿಗೆ ಬಂದು, ಕಾಗದಗಳ ಮೇಲೆ ಮೊಹರು ಒತ್ತಿ, ಏನನ್ನೂ ಮಾಡದೆ ಮನೆಗೆ ಹೋದವನು. ಚಿತ್ರವು ಆರಂಭವಾಗುವುದು ಅವನ ಮುಖದಿಂದಲ್ಲ, ಅವನ ಹೊಟ್ಟೆಯ ಕ್ಷಕಿರಣ ಚಿತ್ರದಿಂದ. ಅಲ್ಲಿ ಅರ್ಬುದವಿದೆಯೆಂದು ನಿರೂಪಕನು ನಮಗೆ ತಿಳಿಸುತ್ತಾನೆ, ವಾತಾನಾಬೆಗೆ ಅದು ಇನ್ನೂ ತಿಳಿಯದು. ಅನಂತರ ಅವನು ಮೇಜಿನ ಖಾನೆಯಿಂದ ಹಳೆಯ ಕಾಗದದ ಕಟ್ಟೊಂದನ್ನು ತೆಗೆದು, ಅದರ ಹಾಳೆಯೊಂದನ್ನು ಹರಿದು, ಮೊಹರಿಗೆ ಮೆತ್ತಿದ ಶಾಯಿಯನ್ನು ಒರೆಸಿಕೊಳ್ಳುವುದನ್ನು ನೋಡುತ್ತೇವೆ. ಆ ಕಟ್ಟು ಯಾವುದೆಂದರೆ, ವಿಭಾಗದ ಕಾರ್ಯದಕ್ಷತೆಯನ್ನು ಹೆಚ್ಚಿಸುವುದು ಹೇಗೆಂದು ಯೌವನದಲ್ಲಿ ಅವನೇ ಶ್ರದ್ಧೆಯಿಂದ ಬರೆದಿಟ್ಟಿದ್ದ ಸಲಹಾಪತ್ರ. ಈ ಒಂದು ಸಣ್ಣ ಕ್ರಿಯೆಯಲ್ಲಿ ಇಡೀ ನೌಕರಿಯ ಇತಿಹಾಸವನ್ನು ಅಡಗಿಸಿದ ನಿರ್ದೇಶಕನ ಮಿತವ್ಯಯಕ್ಕೆ ಸಮಾನವಾದುದನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಅದೇ ಕಚೇರಿಗೆ ಬಡಾವಣೆಯೊಂದರ ಹೆಂಗಸರು ಬರುತ್ತಾರೆ. ತಮ್ಮ ಮನೆಗಳ ನಡುವೆ ಕೊಳಚೆ ನೀರು ನಿಂತಿದೆ, ಮಕ್ಕಳಿಗೆ ರೋಗ ತಗಲುತ್ತಿದೆ, ಆ ಜಾಗವನ್ನು ಒಣಗಿಸಿ ಆಟದ ಬಯಲು ಮಾಡಿಕೊಡಿ ಎಂಬುದು ಅವರ ಬೇಡಿಕೆ. ನಾಗರಿಕ ವಿಭಾಗವು ಅವರನ್ನು ಕಾಮಗಾರಿ ವಿಭಾಗಕ್ಕೆ ಕಳುಹಿಸುತ್ತದೆ. ಅಲ್ಲಿಂದ ಉದ್ಯಾನ ವಿಭಾಗ, ಆರೋಗ್ಯ, ನೈರ್ಮಲ್ಯ, ಸಾಂಕ್ರಾಮಿಕ ರೋಗ ನಿವಾರಣೆ, ಒಳಚರಂಡಿ, ರಸ್ತೆ, ನಗರ ಯೋಜನೆ, ಅಗ್ನಿಶಾಮಕ ಠಾಣೆ, ಶಿಕ್ಷಣ ವಿಭಾಗ, ನಗರಸಭಾ ಸದಸ್ಯ, ಉಪಮೇಯರು. ಉಪಮೇಯರು ಅತ್ಯಂತ ಸೌಜನ್ಯದಿಂದ, ನಿಮ್ಮಂಥವರಿಗೆಂದೇ ಒಂದು ನಾಗರಿಕ ವಿಭಾಗವನ್ನು ತೆರೆದಿದ್ದೇವೆ ಎಂದು ಹೇಳಿ, ಹೊರಟ ಬಾಗಿಲಿಗೇ ಅವರನ್ನು ಮರಳಿಸುತ್ತಾರೆ. ಒಂದು ಮುಖ ಸರಿದು ಇನ್ನೊಂದು ಮುಖ ಬರುವ ಈ ಪರಿಕ್ರಮಣವು ತೆರೆಯ ಮೇಲೆ ಕೆಲವೇ ನಿಮಿಷಗಳದ್ದು. ನಮ್ಮ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ಯಾವ ಕನ್ನಡಿಗನೂ ಇದನ್ನು ಪರದೇಶದ ಕಥೆಯೆಂದು ಭಾವಿಸಲಾರನು. ಇದು ಸಂಬಂಧಪಟ್ಟ ಶಾಖೆಯಲ್ಲಿ ವಿಚಾರಿಸುವುದು ಎಂಬ ಹಿಂಬರಹವನ್ನು ಕಂಡರಿಯದವರು ನಮ್ಮಲ್ಲಿ ವಿರಳ.

ತನಗೆ ಉಳಿದಿರುವುದು ಸ್ವಲ್ಪವೇ ಕಾಲದ ಆಯುಷ್ಯವೆಂದು ಅರಿತ ವಾತಾನಾಬೆ ಮೊದಲು ರಾತ್ರಿಯ ಬೀದಿಗಳಲ್ಲಿ ಸುಖವನ್ನು ಹುಡುಕುತ್ತಾನೆ. ಆಮೇಲೆ, ಕಚೇರಿಯ ಬೇಸರ ತಾಳಲಾರದೆ ಕೆಲಸ ಬಿಟ್ಟು ಆಟಿಕೆಯ ಕಾರ್ಖಾನೆ ಸೇರಿದ ಯುವತಿಯೊಬ್ಬಳ ನಗುವಿನಲ್ಲಿ ಅದನ್ನು ಹುಡುಕುತ್ತಾನೆ. ಕಡೆಗೆ ಅದು ತನ್ನ ಮೇಜಿನ ಮೇಲೆಯೇ ಧೂಳು ಹಿಡಿದು ಬಿದ್ದಿದ್ದ ಆ ಹೆಂಗಸರ ಅರ್ಜಿಯಲ್ಲಿದೆಯೆಂದು ಕಂಡುಕೊಳ್ಳುತ್ತಾನೆ. ಇಷ್ಟಕ್ಕೇ ನಿಂತಿದ್ದರೆ ಇದು ಹೃದಯಪರಿವರ್ತನೆಯ ಇನ್ನೊಂದು ಕಥೆಯಾಗುತ್ತಿತ್ತು. ಕುರೊಸಾವನು ಮಾಡಿದ್ದೇನೆಂದರೆ, ನಾಯಕನು ನಿಶ್ಚಯ ಮಾಡಿ ಎದ್ದ ಮರುಗಳಿಗೆಯಲ್ಲಿಯೇ ಅವನ ಮರಣವನ್ನು ಸಾರಿ, ಉಳಿದ ಮೂರನೆಯ ಒಂದು ಭಾಗವನ್ನೆಲ್ಲ ಅವನ ಶ್ರದ್ಧಾಂಜಲಿಗೆ ನೆರೆದ ಸಹೋದ್ಯೋಗಿಗಳ ಕುಡಿತದ ಪಂಕ್ತಿಗೆ ಬಿಟ್ಟುಕೊಟ್ಟನು. ಉದ್ಯಾನವನ್ನು ಕಟ್ಟಿಸಿದವರು ಯಾರು? ಉಪಮೇಯರು ತಾನೆನ್ನುತ್ತಾರೆ, ಉದ್ಯಾನ ವಿಭಾಗದವರು ತಾವೆನ್ನುತ್ತಾರೆ, ಚುನಾವಣೆ ಹತ್ತಿರವಿದ್ದುದರಿಂದ ಆಯಿತೆಂದು ಒಬ್ಬನ ಮತ. ಅಷ್ಟರಲ್ಲಿ ಆ ಬಡಾವಣೆಯ ಹೆಂಗಸರು ಒಳಬಂದು, ಒಂದು ಮಾತೂ ಆಡದೆ, ಭಾವಚಿತ್ರದ ಮುಂದೆ ಅತ್ತು ಹೋಗುತ್ತಾರೆ; ಉಪಮೇಯರು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮದ್ಯ ತಲೆಗೇರಿದಂತೆ ಸತ್ಯವು ತುಣುಕು ತುಣುಕಾಗಿ ಹೊರಬರುತ್ತದೆ. ಆ ಮುದುಕನು ಪ್ರತಿ ವಿಭಾಗದ ಬಾಗಿಲಲ್ಲಿ ಹೇಗೆ ತಲೆ ತಗ್ಗಿಸಿ ನಿಂತಿದ್ದನು, ಅವಮಾನಿಸಿದವರ ಮೇಲೆ ಸಿಟ್ಟು ಬರುವುದಿಲ್ಲವೆ ಎಂದು ಕೇಳಿದಾಗ ದ್ವೇಷಿಸಲು ತನಗೆ ಸಮಯವಿಲ್ಲವೆಂದು ಹೇಗೆ ಹೇಳಿದನು, ಸೂರ್ಯಾಸ್ತವೊಂದನ್ನು ಕಂಡು ಅರೆಗಳಿಗೆ ಮೈಮರೆತು ಮತ್ತೆ ಹೇಗೆ ನಡೆದನು. ಎಲ್ಲರೂ ಕಣ್ಣೀರು ಸುರಿಸಿ, ಇನ್ನು ಮುಂದೆ ತಾವೂ ಹಾಗೆಯೇ ದುಡಿಯುವೆವೆಂದು ಪ್ರತಿಜ್ಞೆ ಮಾಡುತ್ತಾರೆ. ಮರುದಿನ ಬೆಳಗ್ಗೆ ಕಿಟಕಿಗೆ ಹೊಸ ಅರ್ಜಿ ಬರುತ್ತದೆ. ಕಾಮಗಾರಿ ವಿಭಾಗಕ್ಕೆ ಹೋಗಿ ಎಂದು ಉತ್ತರ ಹೋಗುತ್ತದೆ.

ವಾತಾನಾಬೆಯ ಪಾತ್ರ ವಹಿಸಿದವನು ತಕಾಶಿ ಶಿಮುರಾ. ಎರಡು ವರ್ಷಗಳ ಅನಂತರ ‘ಸೆವೆನ್ ಸಮುರಾಯ್’ ಚಿತ್ರದಲ್ಲಿ ಏಳು ಮಂದಿ ವೀರರ ನಾಯಕನಾಗಿ ಗಂಭೀರವಾಗಿ ನಿಂತವನು ಇವನೇ ಎಂದರೆ ನಂಬುವುದು ಕಷ್ಟ. ಕಥೆಯನ್ನೆಲ್ಲ ಹೇಳಿಬಿಟ್ಟಿರಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ, ಕೀಚಕನು ಸಾಯುವನೆಂದು ತಿಳಿದೇ ಬೆಳಗಿನವರೆಗೆ ಬಯಲಾಟ ನೋಡಿದ ಜನ ನಾವು ಎಂದಷ್ಟೇ ನನ್ನ ಉತ್ತರ.

ಇದೇ ಕಥೆಯನ್ನು ಇಂಗ್ಲೆಂಡಿಗೆ ಒಯ್ದು 2022ರಲ್ಲಿ ‘ಲಿವಿಂಗ್’ ಎಂಬ ಚಿತ್ರವನ್ನು ತೆಗೆದಿದ್ದಾರೆ. ನಾಗಸಾಕಿಯಲ್ಲಿ ಹುಟ್ಟಿ ಐದನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಬಂದ, ಸಾಹಿತ್ಯಕ್ಕೆ ನೊಬೆಲ್ ಪಾರಿತೋಷಕ ಪಡೆದ ಕಜುವೊ ಇಶಿಗುರೊ ಅದಕ್ಕೆ ಚಿತ್ರಕಥೆ ಬರೆದವರು. ನಾಯಕನು ಬಿಲ್ ನೈ. ಉಡುಪು, ಬೆಳಕು, ಮಾತಿನ ಸಂಕೋಚ ಎಲ್ಲವೂ ಅಚ್ಚುಕಟ್ಟು. ನನ್ನ ರುಚಿಗೆ ಅದು ಅಗತ್ಯಕ್ಕಿಂತ ಹೆಚ್ಚು ಅಚ್ಚುಕಟ್ಟಾಯಿತು. ಮೂಲದ ಕೊಳಚೆ ನೀರಿನ ವಾಸನೆ ಇಲ್ಲಿ ಮೂಗಿಗೆ ತಟ್ಟುವುದಿಲ್ಲ. ಆದರೂ ಕಪ್ಪುಬಿಳುಪಿನ ಚಿತ್ರವೆಂದರೆ ಎದ್ದುಹೋಗುವ ಮನೆಮಂದಿ ಇದ್ದರೆ, ಅವರನ್ನು ಮೊದಲು ಇದರಿಂದ ಒಲಿಸಿಕೊಳ್ಳಬಹುದು.

‘ಇಕಿರು’ ಮುಗಿದ ರಾತ್ರಿಯೇ ನನಗೆ ‘ತಬರನ ಕಥೆ’ಯನ್ನು ಮತ್ತೆ ನೋಡಬೇಕೆನಿಸಿತು. ಕಿಟಕಿಯ ಆಚೆ ಬದಿಯಲ್ಲಿ ಕುಳಿತಿದ್ದವನ ಕಥೆ ಅದಾದರೆ, ದುಡಿಯುವಷ್ಟು ಕಾಲ ಕಿಟಕಿಯ ಆಚೆಗೆ ಜವಾನನಾಗಿದ್ದು, ಮುಪ್ಪಿನಲ್ಲಿ ಈಚೆಗೆ ಬಂದು ನಿಂತವನ ಕಥೆ ಇದು. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿ ಬಂದ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಈ ಚಿತ್ರಕ್ಕೆ 1986ನೆಯ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ತಬರನಾಗಿ ನಟಿಸಿದ ಚಾರುಹಾಸನರಿಗೆ ಅತ್ಯುತ್ತಮ ನಟನೆಂಬ ರಾಷ್ಟ್ರಪ್ರಶಸ್ತಿಯೂ ಬಂದವು. ಚಾರುಹಾಸನರು ವೃತ್ತಿಯಿಂದ ವಕೀಲರಾಗಿದ್ದವರು. ನ್ಯಾಯಸ್ಥಾನಗಳ ಜಗಲಿಯ ಮೇಲೆ ದಿನಗಟ್ಟಲೆ ಕಾದು ಕುಳಿತ ಮುಖಗಳನ್ನು ಅವರು ಎಷ್ಟು ಕಂಡಿದ್ದರೋ, ಅವೆಲ್ಲವೂ ಇಲ್ಲಿ ಅವರ ಬೆನ್ನಿನ ಬಾಗಿನಲ್ಲಿ ಬಂದು ಕುಳಿತಂತಿವೆ.

ತಬರನು ಬ್ರಿಟಿಷರ ಆಳ್ವಿಕೆಯ ಕಾಲವನ್ನೂ ಸ್ವತಂತ್ರ ಭಾರತದ ಕಾಲವನ್ನೂ ಕಂಡ ಪುರಸಭೆಯ ಕೆಳಗಿನ ನೌಕರ. ಸರ್ಕಾರವೆಂಬುದು ಅವನ ದೃಷ್ಟಿಯಲ್ಲಿ ಒಂದು ಕಚೇರಿಯಲ್ಲ, ಒಂದು ಧರ್ಮ. ಅದರ ಆಜ್ಞೆಯನ್ನು ಪಾಲಿಸಿದವನಿಗೆ ಅದು ಎಂದೂ ಕೈಕೊಡಲಾರದೆಂದು ಅವನ ನಂಬಿಕೆ. ಮಲೆನಾಡಿನ ಕಾಫಿ ಬೆಳೆಗಾರರಿಂದ ತೆರಿಗೆ ವಸೂಲು ಮಾಡಬೇಕೆಂಬ ಕೆಲಸ ಅವನ ಹೆಗಲಿಗೆ ಬೀಳುತ್ತದೆ. ಬಲ್ಲಿದರು ಕೊಡುವುದಿಲ್ಲ, ಲೆಕ್ಕವು ಕೂಡುವುದಿಲ್ಲ, ಕೂಡದ ಲೆಕ್ಕದ ಭಾರ ಅವನ ತಲೆಯ ಮೇಲೆಯೇ ಉಳಿಯುತ್ತದೆ. ನಿವೃತ್ತನಾದ ಮೇಲೆ ಪಿಂಚಣಿಗಾಗಿ ಅವನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಯುತ್ತಿರುವಾಗ, ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತ ಹೋಗುತ್ತದೆ. ಕಡತವು ತನ್ನ ವೇಗದಲ್ಲಿ ನಡೆಯುತ್ತದೆ, ವ್ರಣವು ತನ್ನ ವೇಗದಲ್ಲಿ ಏರುತ್ತದೆ. ಇವೆರಡರ ಓಟದಲ್ಲಿ ಯಾವುದು ಮುಂದಾಗುವುದೆಂದು ನೋಡುವವನಿಗೆ ಮೊದಲೇ ಗೊತ್ತಿರುವುದೇ ಈ ಚಿತ್ರದ ಕ್ರೌರ್ಯ. ಸ್ವತಃ ಕಾಫಿ ಬೆಳೆಗಾರರಾಗಿದ್ದ ತೇಜಸ್ವಿಯವರು ತಮ್ಮ ವರ್ಗದವರ ಮೇಲೆ ಈ ಕಥೆಯಲ್ಲಿ ಯಾವ ದಾಕ್ಷಿಣ್ಯವನ್ನೂ ತೋರಲಿಲ್ಲವೆಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಕುರೊಸಾವನ ಚಿತ್ರಕ್ಕಿಂತ ಇದು ಕಠಿಣವಾದುದೆಂದು ನನ್ನ ನಿರ್ಣಯ. ವಾತಾನಾಬೆಗೆ ಸಾವು ಒಂದು ಅಧಿಕಾರವನ್ನು ಕೊಟ್ಟಿತು. ಅವನ ಕೈಯಲ್ಲಿ ಮೊಹರಿತ್ತು, ಮೇಜಿತ್ತು, ಕೆಳಗಿನವರಿದ್ದರು. ಮನಸ್ಸು ತಿರುಗಿದೊಡನೆ ಅವನು ಏನನ್ನಾದರೂ ಕಟ್ಟಬಲ್ಲವನಾದನು. ತಬರನ ಮನಸ್ಸು ಎಷ್ಟು ತಿರುಗಿದರೂ ಅವನ ಕೈಯಲ್ಲಿ ಒಂದು ಅರ್ಜಿಯ ಹೊರತು ಏನೂ ಇಲ್ಲ. ಅವನಿಗೆ ಎದುರಾಗುವ ಗುಮಾಸ್ತರಲ್ಲಿ ಕೆಲವರು ಕನಿಕರದಿಂದಲೇ ಮಾತನಾಡುತ್ತಾರೆ. ಆದರೆ ಕನಿಕರವುಳ್ಳವನ ಬಳಿ ರುಜು ಮಾಡುವ ಅಧಿಕಾರವಿರುವುದಿಲ್ಲ, ರುಜು ಮಾಡುವವನ ಬಳಿಗೆ ತಬರನು ತಲಪುವುದಿಲ್ಲ. ಒಂದು ಮೇಜಿಗೂ ಇನ್ನೊಂದು ಮೇಜಿಗೂ ನಡುವಣ ಆ ಮೂರು ಮೊಳದ ಅಂತರದಲ್ಲಿ, ಯಾರಿಗೂ ಸೇರದ ಜಾಗದಲ್ಲಿ, ಅನ್ಯಾಯವು ಮನೆ ಕಟ್ಟಿಕೊಂಡಿರುತ್ತದೆಂದು ಕಾಸರವಳ್ಳಿಯವರು ತೋರಿಸುತ್ತಾರೆ. 1956ರಲ್ಲಿ ಮುಗಿದ ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿರುವ ನಾಡು ನಮ್ಮದು. ತಬರನು ಆ ಮಾತನ್ನು ಅಕ್ಷರಶಃ ನಂಬಿದ ಭಕ್ತ. ಇಷ್ಟು ದಿನದೊಳಗೆ ಇಂಥ ಸೇವೆ ದೊರೆಯಬೇಕೆಂದು ವಿಧಿಸುವ ಸಕಾಲ ಅಧಿನಿಯಮ ಕರ್ನಾಟಕದಲ್ಲಿ ಬಂದುದು 2011ರಲ್ಲಿ, ಚಿತ್ರ ಬಂದು ಕಾಲು ಶತಮಾನ ಕಳೆದ ಮೇಲೆ.

ಕಾಸರವಳ್ಳಿಯವರದೇ ಇನ್ನೊಂದು ಚಿತ್ರ ‘ಕೂರ್ಮಾವತಾರ’ವನ್ನು ಇದರ ಜೊತೆಗೆ ನೋಡತಕ್ಕದ್ದು. ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿದ, 2011ನೆಯ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಇದರಲ್ಲಿ, ನಿವೃತ್ತಿಯ ಹೊಸ್ತಿಲಲ್ಲಿರುವ ಆನಂದರಾಯರೆಂಬ ಸರ್ಕಾರಿ ನೌಕರರಿಗೆ, ಮುಖವು ಗಾಂಧೀಜಿಯವರನ್ನು ಹೋಲುತ್ತದೆಂಬ ಒಂದೇ ಕಾರಣದಿಂದ, ಕಿರುತೆರೆಯ ಧಾರಾವಾಹಿಯಲ್ಲಿ ಗಾಂಧಿಯ ಪಾತ್ರ ಒದಗುತ್ತದೆ. ನಟನೆ ಎಂದರೇನೆಂದು ಅರಿಯದ ಈ ಮನುಷ್ಯನು ಪಾತ್ರಕ್ಕಾಗಿ ಗಾಂಧಿಯನ್ನು ಓದಲು ತೊಡಗಿ, ಓದಿದ್ದು ಕೊಂಚ ಕೊಂಚವಾಗಿ ಮೈಗೆ ಇಳಿಯತೊಡಗಿದಂತೆ, ಅವನ ಸುತ್ತಲಿನ ಲೋಕವು ಅವನ ಖ್ಯಾತಿಯನ್ನು ತನ್ನ ತನ್ನ ಲಾಭಕ್ಕೆ ತಿರುಗಿಸಿಕೊಳ್ಳತೊಡಗುತ್ತದೆ. ಶಿಕಾರಿಪುರ ಕೃಷ್ಣಮೂರ್ತಿಯವರ ಅಭಿನಯದಲ್ಲಿ ಅಭಿನಯವೇ ಕಾಣದು. ಗುಮಾಸ್ತಿಕೆಯ ಕವಚದೊಳಕ್ಕೆ ತಲೆಯನ್ನು ಎಳೆದುಕೊಂಡು ಬದುಕಿದವನು ಆ ತಲೆಯನ್ನು ಹೊರಚಾಚಿದರೆ ಏನಾದೀತು ಎಂಬುದೇ ಇಲ್ಲಿನ ಕುತೂಹಲ. ತಬರನಷ್ಟು ಇದು ಹೃದಯವನ್ನು ಹಿಂಡುವುದಿಲ್ಲ, ನಡುನಡುವೆ ಉಪದೇಶದ ಕಡೆಗೆ ವಾಲುತ್ತದೆ. ಆದರೆ ಕಿರುತೆರೆಯವರು ಗಾಂಧಿಯನ್ನು ಸಿದ್ಧಪಡಿಸುವ ದೃಶ್ಯಗಳ ಮೆಲುಹಾಸ್ಯಕ್ಕಾಗಿಯೇ ಇದನ್ನು ಮತ್ತೊಮ್ಮೆ ನೋಡಬಹುದು.

ಇನ್ನು ಧಾರಾವಾಹಿಗಳು. ಇಂಗ್ಲೆಂಡಿನ ಐಟಿವಿ ವಾಹಿನಿಯಲ್ಲಿ 2024ರ ಜನವರಿಯ ಮೊದಲ ನಾಲ್ಕು ದಿನ ನಾಲ್ಕು ಕಂತುಗಳಾಗಿ ಪ್ರಸಾರವಾದ ‘ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್’ ನಡೆದ ಸಂಗತಿಯನ್ನು ಆಧರಿಸಿದ್ದು. ಅಲ್ಲಿ ಹಳ್ಳಿಯ ಅಂಚೆ ಕಚೇರಿಗಳನ್ನು ನಡೆಸುವವರು ಹೆಚ್ಚಾಗಿ ಸರ್ಕಾರಿ ನೌಕರರಲ್ಲ. ಕಿರಾಣಿ ಅಂಗಡಿಯ ಮೂಲೆಯಲ್ಲಿ ಗುತ್ತಿಗೆಯ ಮೇಲೆ ಅಂಚೆಯ ವ್ಯವಹಾರವನ್ನೂ ನೋಡಿಕೊಳ್ಳುವ ಗೃಹಸ್ಥರು. 1999ರಿಂದ ಇವರ ಲೆಕ್ಕವನ್ನು ಇಡಲು ಹೊರೈಜನ್ ಎಂಬ ಗಣಕ ವ್ಯವಸ್ಥೆ ಬಂದಿತು. ಕೆಲವರ ಲೆಕ್ಕದಲ್ಲಿ ಸಾವಿರಾರು ಪೌಂಡು ಖೋತಾ ಕಾಣಿಸತೊಡಗಿತು. ಸಹಾಯವಾಣಿಗೆ ಕರೆ ಮಾಡಿದವರಿಗೆಲ್ಲ, ಈ ತೊಂದರೆ ನಿಮ್ಮೊಬ್ಬರಿಗೇ ಎಂಬ ಉತ್ತರ. ಕೊರತೆಯನ್ನು ಕೈಯಿಂದ ತುಂಬಿರಿ, ಇಲ್ಲವಾದರೆ ಕಳ್ಳತನದ ಆರೋಪ ಎದುರಿಸಿರಿ ಎಂಬುದು ನಿಯಮ. ಹೀಗೆ 2015ರ ಹೊತ್ತಿಗೆ ಒಂಬೈನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಮನೆ ಮಾರಿದವರುಂಟು, ಆತ್ಮಹತ್ಯೆ ಮಾಡಿಕೊಂಡವರುಂಟು. ಭಾರತ ಮೂಲದ ಒಬ್ಬ ಹೆಂಗಸು ಗರ್ಭಿಣಿಯಾಗಿದ್ದಾಗಲೇ ಸೆರೆಮನೆ ಸೇರಿದಳು. ತಪ್ಪು ಇದ್ದುದು ಗಣಕದಲ್ಲಿ.

ಮೊದಲ ಕಂತಿನಲ್ಲಿಯೇ ಜೋ ಹ್ಯಾಮಿಲ್ಟನ್ ಎಂಬ ಹಳ್ಳಿಯ ಅಂಚೆಯಮ್ಮ, ಸಹಾಯವಾಣಿಯವರು ದೂರವಾಣಿಯಲ್ಲಿ ಹೇಳಿದಂತೆ ಒಂದೊಂದೇ ಗುಂಡಿಯನ್ನು ಒತ್ತುತ್ತಿರುವಾಗ, ತೆರೆಯ ಮೇಲಿನ ಖೋತಾ ಅವಳ ಕಣ್ಣೆದುರಿಗೇ ಇಮ್ಮಡಿಯಾಗುತ್ತದೆ. ಮೋನಿಕಾ ಡೋಲನ್ ಎಂಬ ನಟಿಯ ಮುಖದಲ್ಲಿ ಆಗ ಕಾಣುವುದು ಸಿಟ್ಟಲ್ಲ. ತನಗೆ ಲೆಕ್ಕ ಬಾರದೆಂಬ ನಾಚಿಕೆ. ಯಂತ್ರಕ್ಕೆ ತಪ್ಪು ಇರಲಾರದು, ತಪ್ಪು ನನ್ನದೇ ಇರಬೇಕು ಎಂದು ಸಜ್ಜನರು ಭಾವಿಸಿಕೊಳ್ಳುವ ಆ ಗಳಿಗೆಯ ಮೇಲೆಯೇ ಅನ್ಯಾಯದ ಇಡೀ ಕಟ್ಟಡ ನಿಂತಿತ್ತು. ಅಲ್ಲಿನ ನ್ಯಾಯಾಲಯಗಳಿಗೂ, ವಿರುದ್ಧ ಸಾಕ್ಷ್ಯ ಬರುವವರೆಗೆ ಗಣಕವು ಸರಿಯಾಗಿಯೇ ಕೆಲಸ ಮಾಡುತ್ತಿದೆಯೆಂದು ಗ್ರಹಿಸತಕ್ಕದ್ದೆಂಬ ನಿಯಮವಿತ್ತು. ತಬರನಾದರೂ ಗುಮಾಸ್ತನ ಎದುರು ಕೈಮುಗಿದು ಬೇಡಬಹುದಾಗಿತ್ತು. ಗಣಕಕ್ಕೆ ಯಾರು ಕೈಮುಗಿದಾರು? 2000ದಿಂದ ಭೂಮಿ ಯೋಜನೆಯ ಮೂಲಕ ಪಹಣಿಯನ್ನು ಗಣಕದಿಂದ ಪಡೆಯುತ್ತಿರುವ ನಮ್ಮ ರೈತರಿಗೆ, ಸರ್ವರ್ ಇಲ್ಲ ನಾಳೆ ಬನ್ನಿ ಎಂಬ ಮಾತಿನ ಪರಿಚಯ ಚೆನ್ನಾಗಿದೆ. ಯಂತ್ರದಿಂದ ಲಂಚದ ಬಾಯಿ ಎಷ್ಟೋ ಮಟ್ಟಿಗೆ ಮುಚ್ಚಿತೆಂಬುದು ನಿಜ. ಅದರ ಜೊತೆಯಲ್ಲಿ, ಇದು ನನ್ನ ಕೈಯಲ್ಲಿಲ್ಲ ಎಂದು ಹೇಳುವವನಿಗೆ ಹಿಂದೆಂದೂ ಇಲ್ಲದಷ್ಟು ಗಟ್ಟಿಯಾದ ನೆಪವೂ ಸಿಕ್ಕಿತು.

ಇದರ ನಾಯಕ ಆಲನ್ ಬೇಟ್ಸ್, ವೇಲ್ಸ್ ಪ್ರಾಂತದ ಕಡಲತೀರದ ಊರೊಂದರಲ್ಲಿ ಅಂಚೆ ನಡೆಸಿ, ತಪ್ಪು ಲೆಕ್ಕವನ್ನು ಒಪ್ಪಲಾರದೆ 2003ರಲ್ಲಿ ಗುತ್ತಿಗೆ ಕಳೆದುಕೊಂಡವನು. ಅವನು ಘೋಷಣೆ ಕೂಗುವುದಿಲ್ಲ, ಕಾಗದಗಳನ್ನು ಜೋಡಿಸಿಡುತ್ತಾನೆ. ಕಚೇರಿಯನ್ನು ಕಚೇರಿಯ ಆಯುಧದಿಂದಲೇ, ಎಂದರೆ ಪತ್ರ, ದಿನಾಂಕ, ಪ್ರತಿಗಳಿಂದಲೇ ಎದುರಿಸಿದ ಈ ಮನುಷ್ಯನನ್ನು ಟೋಬಿ ಜೋನ್ಸ್ ಅತಿ ಕಡಿಮೆ ಮಾತಿನಲ್ಲಿ ಕಟ್ಟಿಕೊಟ್ಟಿದ್ದಾನೆ. ಹಳ್ಳಿಯ ಸಭಾಭವನವೊಂದರಲ್ಲಿ ಸಭೆ ಕರೆದು, ಯಾರಾದರೂ ಬರುವರೋ ಇಲ್ಲವೋ ಎಂದು ಅವನು ಕಾಯುತ್ತಿರುವಾಗ, ಒಬ್ಬೊಬ್ಬರಾಗಿ ಒಳಬಂದ ಅಪರಿಚಿತರು ಆ ತೊಂದರೆ ತಮ್ಮೊಬ್ಬರದೇ ಆಗಿರಲಿಲ್ಲವೆಂದು ಅರಿತುಕೊಳ್ಳುವ ದೃಶ್ಯಕ್ಕೆ ಸಮನಾದುದು ಇಡೀ ಧಾರಾವಾಹಿಯಲ್ಲಿಲ್ಲ. 555 ಮಂದಿ ಸೇರಿ ಹೂಡಿದ ದಾವೆ 2019ರಲ್ಲಿ ಇತ್ಯರ್ಥವಾಗಿ, 2021ರಲ್ಲಿ ಮೇಲ್ಮನವಿ ನ್ಯಾಯಾಲಯವು 39 ಮಂದಿಯ ಶಿಕ್ಷೆಯನ್ನು ರದ್ದುಮಾಡಿದ್ದರೂ, ಉಳಿದವರಲ್ಲಿ ಹೆಚ್ಚಿನವರ ಕಳಂಕವು ಹಾಗೆಯೇ ಇತ್ತು. ಗಣಕ ಕ್ಷೇತ್ರದ ಪತ್ರಿಕೆಯೊಂದು 2009ರಲ್ಲಿಯೇ ಪ್ರಕಟಿಸಿದ್ದ ಸಂಗತಿಗೆ ದೇಶದ ಕಣ್ಣು ತೆರೆದುದು ಈ ನಾಲ್ಕು ಸಂಜೆಗಳ ನಾಟಕದಿಂದ. 2024ರ ಮೇ ತಿಂಗಳಲ್ಲಿಯೇ ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸುವ ಶಾಸನ ಬಂದಿತು. ಧಾರಾವಾಹಿ ನೋಡುವುದು ಕಾಲಹರಣವೆಂದು ಹೇಳುವ ಹಿರಿಯರಿಗೆ ಈ ಒಂದು ಉದಾಹರಣೆ ಸಾಕು.

ಇಷ್ಟೆಲ್ಲ ಭಾರವನ್ನು ಹೊತ್ತ ಮೇಲೆ ಮನಸ್ಸು ನಗುವನ್ನು ಬೇಡುತ್ತದೆ. ಅದಕ್ಕೆ ಹಿಂದಿಯ ‘ಪಂಚಾಯತ್’ ಇದೆ. ಪ್ರೈಮ್ ವಿಡಿಯೊದಲ್ಲಿ 2020ರ ಏಪ್ರಿಲಿನಲ್ಲಿ, ದೇಶವೆಲ್ಲ ಮನೆಯೊಳಗೆ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ, ಇದರ ಮೊದಲ ಸರಣಿ ಬಂದಿತು. ಇಂಜಿನಿಯರಿಂಗ್ ಮುಗಿಸಿ, ಬೇರೆ ಕೆಲಸ ಸಿಗದೆ, ಉತ್ತರಪ್ರದೇಶದ ಫುಲೇರಾ ಎಂಬ ಹಳ್ಳಿಗೆ ಪಂಚಾಯಿತಿ ಕಾರ್ಯದರ್ಶಿಯಾಗಿ ಬರುವ ಅಭಿಷೇಕ್ ತ್ರಿಪಾಠಿಗೆ ಮೊದಲ ದಿನ ಎದುರಾಗುವುದು ಕಚೇರಿಯ ಬೀಗದ ಕೈ ಕಳೆದುಹೋಗಿರುವ ಸಮಸ್ಯೆ. ಎಂಟು ಕಂತುಗಳಲ್ಲಿ ಇದಕ್ಕಿಂತ ದೊಡ್ಡ ಸಮಸ್ಯೆಗಳು ಬರುವುದು ಕಡಿಮೆ. ಅವನು ತನಗೊಂದು ತಿರುಗುವ ಕುರ್ಚಿ ತರಿಸಿಕೊಂಡರೆ ಊರಿನ ಮಾನಮರ್ಯಾದೆಯ ತಕ್ಕಡಿಯೇ ಅಲುಗಾಡುತ್ತದೆ. ಇಲ್ಲಿ ನಾವು ಕಿಟಕಿಯ ಆಚೆ ಬದಿಯವನ ಏಕಾಂತವನ್ನು ಕಾಣುತ್ತೇವೆ: ರಾತ್ರಿ ಕಚೇರಿಯಲ್ಲಿಯೇ ಮಲಗಿ, ಪರೀಕ್ಷೆಗೆ ಓದುತ್ತ, ಇಲ್ಲಿಂದ ಎಂದು ಪಾರಾಗುವೆನೋ ಎಂದು ಹಂಬಲಿಸುವ ಹುಡುಗನು, ತನಗೆ ತಿಳಿಯದಂತೆಯೇ ಆ ಊರಿನವನಾಗುತ್ತಾನೆ.

ದಾಖಲೆಯಲ್ಲಿ ಗ್ರಾಮದ ಪ್ರಧಾನೆ ಮಂಜುದೇವಿ, ವ್ಯವಹಾರದಲ್ಲಿ ಅವಳ ಗಂಡ. ನೀನಾ ಗುಪ್ತಾ, ರಘುಬೀರ್ ಯಾದವ್ ಈ ಜೋಡಿಯನ್ನು ಆಡಿರುವ ಸೊಗಸನ್ನು ಬಣ್ಣಿಸುವುದಕ್ಕಿಂತ ನೋಡುವುದೇ ಮೇಲು. ಗಣರಾಜ್ಯೋತ್ಸವದ ದಿನ ಧ್ವಜದ ಕೆಳಗೆ ನಿಂತು ರಾಷ್ಟ್ರಗೀತೆ ಹಾಡಬೇಕಾದೀತೆಂದು, ಮನೆಗೆಲಸದ ನಡುವೆ ಆಕೆ ಅದನ್ನು ಬಾಯಿಪಾಠ ಮಾಡುವ ಕಂತು ನಗಿಸುತ್ತಲೇ ಗಂಟಲು ಕಟ್ಟಿಸುತ್ತದೆ. 1983ರ ಕಾಯಿದೆಯ ಫಲವಾಗಿ 1987ರಲ್ಲಿ ಮಂಡಲ ಪಂಚಾಯಿತಿಗಳು ಬಂದಾಗ, ಸಂವಿಧಾನದ 73ನೆಯ ತಿದ್ದುಪಡಿಗೆ ಮುಂಚೆಯೇ ಶೇಕಡ 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟ ರಾಜ್ಯ ನಮ್ಮದಾದುದರಿಂದ, ಸಹಿ ಹೆಂಡತಿಯದು ಸಭೆ ಗಂಡನದು ಎಂಬ ಪ್ರಹಸನವೂ ನಮಗೆ ಬಹಳ ಹಿಂದಿನಿಂದ ಪರಿಚಿತವೇ. ಎರಡನೆಯ ಸರಣಿಯ ಕೊನೆಯಲ್ಲಿ ಉಪಪ್ರಧಾನ ಪ್ರಹ್ಲಾದನಿಗೆ ಒದಗುವ ದುಃಖವನ್ನು, ಅದುವರೆಗೆ ನಗಿಸುತ್ತಿದ್ದ ಫೈಸಲ್ ಮಲಿಕ್ ಒಂದೇ ಮೌನದಲ್ಲಿ ತೋರಿಸುತ್ತಾನೆ. ಅಲ್ಲಿಂದ ಮುಂದೆ, 2024ರಲ್ಲಿಯೂ 2025ರಲ್ಲಿಯೂ ಬಂದ ಸರಣಿಗಳಲ್ಲಿ, ಕಥೆಯು ಚುನಾವಣೆಯ ಜಗಳದಲ್ಲಿ ಸಿಕ್ಕಿ ತನ್ನ ಹಗುರವಾದ ನಡೆಯನ್ನು ಕಳೆದುಕೊಂಡಿತು. ಖಳರಿಲ್ಲದೆ ನಡೆಯುತ್ತಿದ್ದ ಊರಿಗೆ ಖಳರು ಬಂದರು.

ಹಳೆಯದರಲ್ಲಿ, 2001ರಲ್ಲಿ ಆರಂಭವಾದ ‘ಆಫೀಸ್ ಆಫೀಸ್’ ಎಂಬ ಹಿಂದಿ ಹಾಸ್ಯಮಾಲೆಯನ್ನು ಪಂಕಜ್ ಕಪೂರರ ಮುಸದ್ದಿಲಾಲನಿಗಾಗಿ ಅಲ್ಲೊಂದು ಇಲ್ಲೊಂದು ಕಂತು ನೋಡಬಹುದು. ಎಲ್ಲವನ್ನೂ ನೋಡಿದರೆ ಒಂದೇ ಕಂತನ್ನು ನೋಡಿದಂತೆ. ಕೆನ್ ಲೋಚ್ ನಿರ್ದೇಶಿಸಿ, 2016ರಲ್ಲಿ ಕಾನ್ ಚಿತ್ರೋತ್ಸವದ ಪರಮ ಪ್ರಶಸ್ತಿ ಪಡೆದ ‘ಐ, ಡೇನಿಯಲ್ ಬ್ಲೇಕ್’ ಹೃದ್ರೋಗಿಯಾದ ಬಡಗಿಯೊಬ್ಬನು ಭತ್ಯೆಗಾಗಿ ಅಲೆದ ಕಥೆ. ಒಳ್ಳೆಯದು, ಆದರೆ ತಬರನನ್ನು ಕಂಡವರಿಗೆ ಅದು ಎರಡನೆಯ ಓದು.

ನೋಡುವ ಕ್ರಮದ ಬಗೆಗೆ ಒಂದು ಮಾತು. ‘ಪಂಚಾಯತ್’ನ ಮೊದಲೆರಡು ಸರಣಿಗಳಿಂದ ತೊಡಗಿರಿ, ಬಳಿಕ ಬೇಟ್ಸನ ನಾಲ್ಕು ಕಂತುಗಳು. ‘ಇಕಿರು’ ಎರಡು ಗಂಟೆ ಇಪ್ಪತ್ತಮೂರು ನಿಮಿಷದ್ದು. ಅದನ್ನು ಎರಡು ದಿನಗಳಿಗೆ ಹಂಚಿಕೊಳ್ಳಬೇಡಿರಿ, ಶ್ರದ್ಧಾಂಜಲಿಯ ಭಾಗವು ಹಿಂದಿನ ಭಾಗ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರಬೇಕು. ‘ತಬರನ ಕಥೆ’ಯನ್ನು ಕಡೆಗೆ ಇಟ್ಟುಕೊಳ್ಳಿರಿ, ಒಬ್ಬರೇ ಕುಳಿತು ನೋಡಬೇಡಿರಿ. ನನಗೆ ದೊರೆತ ಪ್ರತಿಯಲ್ಲಿ ಚಿತ್ರ ಮಸುಕಾಗಿದೆ, ಧ್ವನಿ ಅಲ್ಲಲ್ಲಿ ಕೇಳುವುದಿಲ್ಲ. ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವು ಪುನರುದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ‘ತಬರನ ಕಥೆ’ಗೂ ಅದೇ ಭಾಗ್ಯವನ್ನು ಒದಗಿಸಬೇಕೆಂದು, ಕನ್ನಡ ಚಿತ್ರರಂಗದ ಹಿತ ಬಯಸುವ ಸಂಸ್ಥೆಗಳಲ್ಲಿಯೂ ಸರ್ಕಾರದ ಸಂಬಂಧಪಟ್ಟ ಇಲಾಖೆಯಲ್ಲಿಯೂ ನನ್ನ ವಿಜ್ಞಾಪನೆ, ಇದನ್ನು ಓದಿ ಚಿತ್ರವನ್ನು ನೋಡಿದವರು ತಾವೂ ಒಂದು ಪತ್ರ ಬರೆದರೆ ಉಪಕಾರವಾದೀತು.